ಮಾರ್ಚಿನ ಮಬ್ಬಿಗೂ ಮಂಜೆನ್ನಬೇಕೆ?

ಸಿದ್ಧಕಟ್ಟೆಯ ದಕ್ಷಿಣಕ್ಕೆ ಬಂಟ್ವಾಳದ ನೇತ್ರಾವತಿ, ಉತ್ತರಕ್ಕೆ ಮೂಡುಬಿದಿರೆಯ ಕಡೆಗೆ ಫಲ್ಗುಣಿ. ಎರಡು ಹೊಳೆಗಳ ನಡುವಿನ ಈ ಗುಡ್ಡ-ಬಯಲಿನ ನೆಲದಲ್ಲಿ ಧನುರ್ಮಾಸದ ಬೆಳಗನ್ನು ಎಲ್ಲರಿಗಿಂತ ಮೊದಲು ನೋಡುವವರು ಧನುಪೂಜೆಗೆ ಹೊರಟವರು. ಅವರ ಹಿಂದೆಯೇ ಹಾಲಿನ ಕ್ಯಾನು ಹಿಡಿದು ಸೊಸೈಟಿಗೆ ಹೋಗುವವರು, ಹಣೆಗೆ ಟಾರ್ಚು ಕಟ್ಟಿಕೊಂಡು ರಬ್ಬರ್ ತೋಟಕ್ಕೆ ಇಳಿಯುವ ಟ್ಯಾಪರ್‌ಗಳು. ಆ ಹೊತ್ತಿಗೆ ಗುಡ್ಡದ ಮೇಲಿನ ಮನೆಗಳಿಗೆ ಆಕಾಶ ತಿಳಿಯಾಗಿರುತ್ತದೆ, ನಕ್ಷತ್ರ ಕಾಣುತ್ತದೆ. ಕೆಳಗಿನ ಗದ್ದೆ, ಅಡಿಕೆ ತೋಟಗಳು ಮಾತ್ರ ಬಿಳಿಯ ಪದರದಡಿ ಮುಳುಗಿರುತ್ತವೆ. ತುಳುವಿನಲ್ಲಿ ಇದಕ್ಕೆ ‘ಮೈಂದ್’. ‘ಮೈಂದ್ ಬೂರುಂಡು’ ಎಂದರೆ ಮಂಜು ಬಿತ್ತು. ಈ ಭಾಗದ ಕನ್ನಡದಲ್ಲೂ ‘ಮೈಂದು’ ಸರಾಗವಾಗಿ ಓಡಾಡುತ್ತದೆ.

ಒಂಬತ್ತು ಗಂಟೆಯಾಗುವಷ್ಟರಲ್ಲಿ ಅದು ಹೋಗಿರುತ್ತದೆ. ಅಂಗಳದಲ್ಲಿ ಹರವಿದ ಅಡಿಕೆಯ ಮೇಲಿನ ಟಾರ್ಪಾಲು ತೆಗೆಯುವ ಹೊತ್ತು ಅದು.

ಜೂನ್ ಬಂದರೆ ಬೇರೆಯೇ ಮಂಜು. ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವಾಗ ಬಸ್ಸಿನ ಗಾಜಿಗೆ ಬಂದು ಬಡಿಯುವ, ಹಗಲು ಹನ್ನೆರಡಕ್ಕೂ ಹೆಡ್‌ಲೈಟ್ ಹಾಕಿಸುವ ಮಂಜು ಅದು. ಇನ್ನು ಫೆಬ್ರವರಿ-ಮಾರ್ಚಿಗೆ ಮೂರನೆಯದೊಂದು ಬರುತ್ತದೆ. ಕಾರಿಂಜ ಬೆಟ್ಟದ ಮೇಲೆ ನಿಂತು ಮೂಡಣಕ್ಕೆ ನೋಡಿದವರಿಗೆ ಘಟ್ಟದ ಸಾಲು ಕಾಣುವುದಿಲ್ಲ. ಬೆಳ್ತಂಗಡಿಯ ಕಡೆ ಒಂಟಿಯಾಗಿ ಎದ್ದು ನಿಂತ ಗಡಾಯಿಕಲ್ಲು ಕೂಡ ಮಸುಕು. ಬಿಸಿಲು ಸುಡುತ್ತಿರುತ್ತದೆ, ನೆಲ ಒಣಗಿರುತ್ತದೆ, ಎಲೆಯ ಮೇಲೆ ಒಂದು ಹನಿಯೂ ಇರುವುದಿಲ್ಲ. ಆದರೂ ಮೊಬೈಲಿನಲ್ಲಿ ಹರಿದಾಡುವ ಚಿತ್ರದ ಕೆಳಗೆ ಬರೆದಿರುವುದು ‘ಮಂಜು ಮುಸುಕಿದ ಘಟ್ಟ’ ಎಂದೇ.

ಈ ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಪದವಿದೆ: ‘ಹೇಜ್’. ಅದರ ಚರಿತ್ರೆಯನ್ನು ಕೆದಕಿದರೆ ಇಂಗ್ಲಿಷರೂ ಬಹುಕಾಲ ಇದೇ ಗೊಂದಲದಲ್ಲಿದ್ದರು ಎಂಬುದು ಗೊತ್ತಾಗುತ್ತದೆ. ಮೊದಲು ಹುಟ್ಟಿದ್ದು ನಾಮಪದವಲ್ಲ, ‘ಹೇಜಿ’ ಎಂಬ ವಿಶೇಷಣ. 1620ರ ದಶಕದಲ್ಲಿ ಅದು ಹಡಗಿನವರ ಬಾಯಲ್ಲಿತ್ತು. ಆಗಿನ ಕಾಗುಣಿತ ‘ಹಾಸಿ’ ಎಂದು ಓದುವಂತಿತ್ತು. ದಡ ಕಾಣದಂತೆ ಮುಸುಕಿದ ಹವೆಗೆ ನಾವಿಕರು ಹಾಗೆನ್ನುತ್ತಿದ್ದರು. ‘ಹೇಜ್’ ಎಂಬ ನಾಮಪದ ಬರಹದಲ್ಲಿ ಕಾಣಿಸಿಕೊಂಡಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ, 1706ರ ಸುಮಾರಿಗೆ. ವಿಶೇಷಣದ ಬಾಲ ಕತ್ತರಿಸಿ ನಾಮಪದ ಮಾಡಿಕೊಂಡಂತೆ ತೋರುತ್ತದೆ. ಮೂಲ ಇಂದಿಗೂ ಇತ್ಯರ್ಥವಾಗಿಲ್ಲ. ಬೂದುಬಣ್ಣವನ್ನು ಹೇಳುವ ‘ಹಸು’ ಎಂಬ ಹಳೆಯ ಇಂಗ್ಲಿಷ್ ಪದದ ಸಂಬಂಧ ಇರಬಹುದೆಂದು ಕೆಲವರು ಊಹಿಸುತ್ತಾರೆ. ನಮ್ಮ ಕೊಟ್ಟಿಗೆಯ ಹಸುವಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಧ್ವನಿಸಾಮ್ಯ ಅಷ್ಟೇ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟು ಹೊರತಂದಾಗ ‘ಹೇಜ್’ ಎಂಬುದಕ್ಕೆ ಕೊಟ್ಟ ಅರ್ಥ ಫಾಗ್, ಮಿಸ್ಟ್; ಅಂದರೆ ದಟ್ಟ ಮಂಜು, ತೆಳು ಮಂಜು. ಮೂರರ ನಡುವೆ ಆತ ಗೆರೆ ಎಳೆಯಲಿಲ್ಲ. ದೂಳು, ಹೊಗೆ, ಬಿಸಿಲಿನ ಝಳಗಳಿಂದ ಹುಟ್ಟುವ ಒಣ ಮುಸುಕಿಗೆ ‘ಹೇಜ್’ ಎಂಬ ಹೆಸರು ಮೀಸಲಾದುದು ಆಮೇಲೆ, ನಿಧಾನವಾಗಿ. ಹದಿನೆಂಟನೆಯ ಶತಮಾನ ಮುಗಿಯುವಷ್ಟರಲ್ಲಿ ಮನಸ್ಸಿನ ಅಸ್ಪಷ್ಟತೆಗೂ ಅದೇ ಪದ ಅಂಟಿಕೊಂಡಿತು. ಕನ್ನಡದಲ್ಲಿ ವಯಸ್ಸಾದವರ ‘ಕಣ್ಣು ಮಂಜಾಯಿತು’ ಎನ್ನುವುದೂ, ಹಳೆಯ ಸಂಗತಿ ‘ಮಸುಕು ಮಸುಕಾಗಿ ನೆನಪಿದೆ’ ಎನ್ನುವುದೂ ಇದೇ ಹಾದಿಯವು. ಅಮೆರಿಕದ ಕಾಲೇಜುಗಳಲ್ಲಿ ರಾಗಿಂಗ್‌ಗೆ ‘ಹೇಜಿಂಗ್’ ಎನ್ನುತ್ತಾರಲ್ಲ, ಅದು ಬೇರೆ ಬಳ್ಳಿ. ಪೀಡಿಸು ಎಂಬರ್ಥದ ಒಂದು ಹಳೆಯ ಫ್ರೆಂಚ್ ಕ್ರಿಯಾಪದದಿಂದ ಬಂದಿರಬೇಕೆಂಬುದು ನಿಘಂಟುಕಾರರ ಊಹೆ.

‘ಮಿಸ್ಟ್’ ಎಂಬ ಪದದ ಬೇರು ಮಾತ್ರ ನಮ್ಮ ಹಿತ್ತಲಿಗೂ ಚಾಚಿದೆ. ಸಂಸ್ಕೃತದ ‘ಮೇಘ’ ಹಾಗೂ ಮಂಜನ್ನು ಹೇಳುವ ‘ಮಿಹಿಕಾ’ಗಳಿಗೂ ಇಂಗ್ಲಿಷಿನ ‘ಮಿಸ್ಟ್’ಗೂ ಒಂದೇ ಇಂಡೋ-ಯುರೋಪಿಯನ್ ಮೂಲ. ಜರ್ಮನ್ನರು ಮಂಜಿಗೆ ‘ನೇಬೆಲ್’ ಎನ್ನುತ್ತಾರೆ. ಅದು ನಮ್ಮ ‘ನಭ’ದ ದಾಯಾದಿ. ಉತ್ತರ ಸಮುದ್ರದ ದಡದ ಮಂಜಿನ ಸೀಮೆಯಲ್ಲಿ 1832ರಲ್ಲಿ ಹುಟ್ಟಿ, ಕನ್ನಡಕ್ಕೆ ಬೃಹತ್ ನಿಘಂಟು ಕಟ್ಟಿಕೊಟ್ಟ ಫರ್ಡಿನೆಂಡ್ ಕಿಟೆಲ್ ಅವರಿಗೆ ಈ ನಂಟುಗಳು ಹೊಸವೇನೂ ಆಗಿರಲಿಕ್ಕಿಲ್ಲ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್‌ನಿಂದ 1894ರಲ್ಲಿ ಹೊರಬಂತು. ಅದಕ್ಕೂ ಎಂಟು ವರ್ಷ ಮೊದಲೇ, 1886ರಲ್ಲಿ, ಅದೇ ಮಿಶನ್‌ನ ಮ್ಯಾನರ್ ತುಳು-ಇಂಗ್ಲಿಷ್ ನಿಘಂಟನ್ನು ಮುದ್ರಿಸಿದ್ದರು. ನೂರು ವರ್ಷಗಳ ನಂತರ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನು 1988ರಿಂದ 1997ರವರೆಗೆ ಹೊರತಂದಿತು. ಹೀಗೆ ಎರಡು ಭಾಷೆಗಳ ಮಾತಿನ ಸೊತ್ತು ಈ ಕರಾವಳಿಯಲ್ಲೇ ಅಚ್ಚಾಗಿ ಕೂತಿದೆ.

ಆ ಸೊತ್ತು ಸಣ್ಣದಲ್ಲ. ‘ಮಂಜು’ ದ್ರಾವಿಡದ ಹಳೆಯ ಮನೆಮಗಳು. ತಮಿಳಿನಲ್ಲೂ ‘ಮಂಜು’ ಎಂದರೆ ಬೆಳ್ಮುಗಿಲು, ಮಂಜು. ಮಲಯಾಳದ ‘ಮಞ್ಞ್’ ಅಂತೂ ಮಂಜು, ಇಬ್ಬನಿ, ಹಿಮ ಮೂರಕ್ಕೂ ಆಗುತ್ತದೆ. ತುಳುವಿನ ‘ಮೈಂದ್’ ಅದೇ ಒಕ್ಕಲಿನದು. ‘ಇಬ್ಬನಿ’ಯೊಳಗೆ ಹನಿಯ ಹಳೆಯ ರೂಪವಾದ ‘ಪನಿ’ ಅಡಗಿದೆ. ತುಳುವರು ಜಿನುಗುಮಳೆಯನ್ನು ಈಗಲೂ ‘ಪನಿ ಬರ್ಸ’ ಎನ್ನುತ್ತಾರೆ. ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ‘ಕಾವಳ’ವಿದೆ, ಅದರಲ್ಲಿ ಕತ್ತಲೆಯ ಅರ್ಥವೂ ಬೆರೆತಿದೆ. ಸಂಸ್ಕೃತದಿಂದ ಬಂದ ನೀಹಾರ, ತುಹಿನ, ಪ್ರಾಲೇಯಗಳು ಕಾವ್ಯಕ್ಕೆ ಸೀಮಿತವಾದವು. ತುಷಾರ ಮಾತ್ರ ಮಣಿಪಾಲದ ಮಾಸಪತ್ರಿಕೆಯ ಹೆಸರಾಗಿ ಮನೆಮನೆ ಹೊಕ್ಕಿತು.

ಇಷ್ಟೆಲ್ಲ ಪದಗಳಿದ್ದೂ ಅವುಗಳಲ್ಲಿ ಬಹುಪಾಲು ನೀರಿನ ಪದಗಳು ಎಂಬುದನ್ನು ಗಮನಿಸಬೇಕು. ಹನಿ, ತಂಪು, ಬಿಳುಪು ಇವುಗಳ ಸುತ್ತಲೇ ಅವು ಸುತ್ತುತ್ತವೆ. ನೀರಿಲ್ಲದ ಮುಸುಕಿಗೆ ಹಿರಿಯರು ಪ್ರತ್ಯೇಕ ಹೆಸರಿಡುವ ಪ್ರಸಂಗ ಹೆಚ್ಚು ಬಂದಿರಲಿಕ್ಕಿಲ್ಲ. ಈಗ ಬಂದಿದೆ.

ಮೊದಲು ನೀರಿನದನ್ನೇ ನೋಡೋಣ. ಮಳೆಗಾಲ ಮುಗಿದು ಏಣೆಲು ಬೆಳೆ ಕೊಯ್ದ ಮೇಲೂ ಗದ್ದೆಗಳಲ್ಲಿ ಪಸೆ ಉಳಿದಿರುತ್ತದೆ. ಆ ಪಸೆಯನ್ನು ನೆಚ್ಚಿಯೇ ಇಲ್ಲಿನವರು ಉದ್ದು, ಹುರುಳಿ ಬಿತ್ತುತ್ತಾ ಬಂದರು. ಪೆರಾರ್ದೆ, ಪುಯಿಂತೆಲ್ ತಿಂಗಳುಗಳ ರಾತ್ರಿ, ಅಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನವರೆಗೆ, ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಬಿಸಿಯನ್ನು ಬಿಟ್ಟುಕೊಡುತ್ತಾ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣ್ಣನೆಯ ಗಾಳಿ ಭಾರ. ಅದು ಗುಡ್ಡದಿಂದ ಜಾರಿ ಬಯಲಿಗೆ ಇಳಿದು ಅಲ್ಲೇ ತಂಗುತ್ತದೆ. ಹಿಡಿದಿಟ್ಟುಕೊಳ್ಳಲಾಗದಷ್ಟು ತಣಿದಾಗ ಗಾಳಿಯೊಳಗಿನ ಆವಿ ಹನಿಯಾಗುತ್ತದೆ: ಎಲೆ-ಹುಲ್ಲುಗಳ ಮೇಲೆ ಇಬ್ಬನಿ, ಗಾಳಿಯಲ್ಲಿ ತೇಲಿದರೆ ಮಂಜು. ಒಂದೊಂದು ಹನಿಯ ಅಡ್ಡಳತೆ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಒಂದು ಘನ ಮೀಟರ್ ಮಂಜನ್ನು ಹಿಂಡಿದರೂ ಸಿಗುವ ನೀರು ಅರ್ಧ ಗ್ರಾಮಿಗಿಂತ ಕಡಿಮೆ. ಇಷ್ಟೇ ಇಷ್ಟು ನೀರು ಎದುರಿನ ಬಸ್ಸನ್ನು ಮರೆಮಾಡಬಲ್ಲದು.

ಚಾರ್ಮಾಡಿಯದು ಬೇರೆ ಕಥೆ. ಅರಬಿ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಡಿಕ್ಕಿಯಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ಮೋಡವಾಗುತ್ತದೆ. ಮೋಡದ ತಳ ರಸ್ತೆಗಿಂತ ಕೆಳಗಿದ್ದರೆ ಘಾಟಿಯಲ್ಲಿ ಹೋಗುವವರು ಮೋಡದ ಒಳಗೇ ಹೋಗುತ್ತಾರೆ. ಮುಂಡಾಜೆಯಲ್ಲಿ ನಿಂತವರಿಗೆ ಅದು ಗುಡ್ಡದ ತಲೆಯ ಮೋಡ, ಕೊಟ್ಟಿಗೆಹಾರದವರಿಗೆ ಮನೆಯಂಗಳದ ಮಂಜು. ಬಯಲಿನ ಮೈಂದು ಬಿಸಿಲು ಬಂದರೆ ಕರಗುತ್ತದೆ. ಘಾಟಿಯ ಮಂಜು ಗಾಳಿ ನಿಂತರೆ ಮಾತ್ರ.

ಹವಾಮಾನ ಇಲಾಖೆಗೆ ಇವುಗಳ ಹುಟ್ಟಿಗಿಂತ ದೃಷ್ಟಿದೂರ ಮುಖ್ಯ. ಒಂದು ಕಿಲೋಮೀಟರಿಗಿಂತ ಆಚೆ ಕಾಣದಿದ್ದರೆ ಅದು ‘ಫಾಗ್’. ಅದರಲ್ಲೂ 500 ಮೀಟರ್ ಒಳಗೆ ಬಂದರೆ ಮಧ್ಯಮ, 200ರ ಒಳಗೆ ದಟ್ಟ, 50 ಮೀಟರಿಗಿಂತ ಕಡಿಮೆಯಾದರೆ ಅತಿದಟ್ಟ. ಒಂದು ಕಿಲೋಮೀಟರಿಗಿಂತ ಹೆಚ್ಚು ಕಂಡರೆ ಅದು ‘ಮಿಸ್ಟ್’. ‘ಹೇಜ್’ ಎನ್ನಬೇಕಾದರೆ ಇನ್ನೊಂದು ಪರೀಕ್ಷೆಯಿದೆ: ಗಾಳಿಯ ತೇವಾಂಶ. ನೋಟ ಮಸುಕಾಗಿದೆ, ಆದರೆ ಗಾಳಿ ಒಣಗಿದೆ ಎಂದಾದರೆ ಮಾತ್ರ ಆ ಹೆಸರು. ಸಿದ್ಧಕಟ್ಟೆಯ ಪಶ್ಚಿಮಕ್ಕಿರುವ ಬಜ್ಪೆ ವಿಮಾನ ನಿಲ್ದಾಣದಿಂದ ಪೈಲಟ್‌ಗಳಿಗೆ ಹೋಗುವ ಹವಾಮಾನ ವರದಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಎರಡಕ್ಷರದ ಸಂಕೇತಗಳಿವೆ. ಫಾಗ್‌ಗೆ ‘ಎಫ್‌ಜಿ’, ಹೇಜ್‌ಗೆ ‘ಎಚ್‌ಝಡ್’. ಮಿಸ್ಟ್‌ಗೆ ಮಾತ್ರ ‘ಬಿಆರ್’, ಏಕೆಂದರೆ ಅದು ‘ಬ್ರೂಮ್’ ಎಂಬ ಫ್ರೆಂಚ್ ಪದದ ಮೊಟಕು. ಹೊಗೆಯ ‘ಎಫ್‌ಯು’ ಕೂಡ ಫ್ರೆಂಚೇ. ವಿಮಾನ ಇಳಿಸುವವನಿಗೆ ಎದುರಿಗಿರುವುದು ನೀರೋ ದೂಳೋ ಎಂದು ತಿಳಿಯಲೇಬೇಕು. ನೀರಾದರೆ ಬಿಸಿಲಿಗೆ ಕಾಯಬಹುದು.

ಆದರೆ ನೀರು ಮತ್ತು ದೂಳು ಎಷ್ಟು ಬೇರೆ? ಇಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ ಅವರನ್ನು ನೆನೆಯಬೇಕು. 1880ರಲ್ಲಿ ಅವರು ಗಾಜಿನ ಪಾತ್ರೆಗಳಲ್ಲಿ ಆವಿ ತುಂಬಿ ಒಂದು ಸರಳ ಪ್ರಯೋಗ ಮಾಡಿ ತೋರಿಸಿದರು. ಶೋಧಿಸಿದ, ದೂಳಿಲ್ಲದ ಗಾಳಿಯಲ್ಲಿ ಮಂಜು ಕಟ್ಟಲಿಲ್ಲ. ಸಾಮಾನ್ಯ ಗಾಳಿ ಬಿಟ್ಟ ಕೂಡಲೇ ಬೆಳ್ಳಗೆ ಕಟ್ಟಿತು. ಹನಿ ಕೂರಲು ಒಂದು ಕಣ ಬೇಕು, ಅದು ಸಮುದ್ರದ ಉಪ್ಪಾಗಬಹುದು, ಮಣ್ಣಾಗಬಹುದು, ಮಸಿಯಾಗಬಹುದು. ಹಾಗಾಗಿ ಹಗಲಿನ ಒಣ ಮಬ್ಬು ರಾತ್ರಿ ತೇವ ಹೀರಿ ಊದಿಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಮಂಜಾಗುತ್ತದೆ, ಬಿಸಿಲೇರಿದಾಗ ನೀರು ಬಿಟ್ಟು ಪುನಃ ಮಬ್ಬಾಗುತ್ತದೆ. ಜಾನ್ಸನ್ ಗೆರೆ ಎಳೆಯದೆ ಬಿಟ್ಟುದರಲ್ಲಿ ಅರ್ಥವಿಲ್ಲದಿಲ್ಲ.

ಈ ಬೆರಕೆಯನ್ನು ನೋಡಲು ಪ್ರಯೋಗಾಲಯ ಬೇಡ. ಸಿದ್ಧಕಟ್ಟೆ, ಸಂಗಬೆಟ್ಟು, ಪುಂಜಾಲಕಟ್ಟೆ, ವೇಣೂರು ಎಲ್ಲಿಯಾದರೂ ಸರಿ, ಡಿಸೆಂಬರಿನ ಬೆಳಗ್ಗೆ ತುಸು ಎತ್ತರದಲ್ಲಿ ನಿಂತು ಕೆಳಗಿನ ಮನೆಗಳ ಕಡೆ ನೋಡಿದರೆ ಸಾಕು. ಸ್ನಾನದ ನೀರು ಕಾಯಿಸಲು ಬಚ್ಚಲಿನ ಒಲೆಗೆ ಬೆಂಕಿ ಹಾಕಿರುತ್ತಾರೆ. ಒಲೆಗೆ ಹೋಗುವುದು ಒಣ ಮಡಲು, ಅಡಿಕೆ ಸೋಗೆ, ತೆಂಗಿನ ಸಿಪ್ಪೆ. ಹೊಗೆ ಹೆಂಚಿನ ಸಂದಿನಿಂದ ಹೊರಟು ತೆಂಗಿನ ಮರದ ಅರ್ಧ ಎತ್ತರಕ್ಕೂ ಏರುವುದಿಲ್ಲ. ಅಲ್ಲೇ ಚಪ್ಪಟೆಯಾಗಿ ಅಡ್ಡಕ್ಕೆ ಹರಡುತ್ತದೆ. ಕೆಳಗೆ ತಣ್ಣನೆಯ ಭಾರದ ಗಾಳಿ, ಅದರ ಮೇಲೆ ಬೆಚ್ಚನೆಯ ಹಗುರ ಗಾಳಿ ಮುಚ್ಚಳವಾಗಿ ಕೂತಿರುವುದರಿಂದ ಹೊಗೆಗೆ ಮೇಲೆ ದಾರಿಯಿಲ್ಲ. ಮಂಜಿನ ಹನಿಗಳೂ ಮಸಿಯ ಕಣಗಳೂ ಒಂದೇ ಪದರದಲ್ಲಿ ಬೆರೆಯುತ್ತವೆ. ಧನುಪೂಜೆಯ ಬೆಳಗಿನ ಆ ಪರಿಚಿತ ವಾಸನೆ ಇದರದೇ. ಸುಂದರ ಬೆಳಗು ಹೌದು. ಅಸ್ತಮಾ ಇರುವವರು ಆ ಹೊತ್ತಿಗೆ ಕೆಮ್ಮುತ್ತಾ ಎದ್ದು ಕೂರುವುದೂ ನಿಜ.

ಲಂಡನ್ನಿನಲ್ಲಿ ಇದೇ ಬೆರಕೆ ಕಲ್ಲಿದ್ದಲಿನಿಂದ ಆಯಿತು. 1905ರಲ್ಲಿ ಹೆನ್ರಿ ಡೆ ವೂ ಎಂಬ ವೈದ್ಯರು ಹೊಗೆಯನ್ನೂ ಫಾಗನ್ನೂ ಸೇರಿಸಿ ‘ಸ್ಮಾಗ್’ ಎಂಬ ಪದವನ್ನು ಚಾಲ್ತಿಗೆ ತಂದರು. ಪದ ಹುಟ್ಟಿದ ಮೇಲೂ ಆ ನಗರ ಅರ್ಧ ಶತಮಾನ ಅದನ್ನು ‘ನಮ್ಮೂರಿನ ಫಾಗ್’ ಎಂದೇ ಸಹಿಸಿಕೊಂಡಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಮನೆಗಳ ಒಲೆಯ ಹೊಗೆ, ಕಾರ್ಖಾನೆಗಳ ಹೊಗೆ ಬೆಚ್ಚನೆಯ ಗಾಳಿಯ ಮುಚ್ಚಳದಡಿ ಸಿಕ್ಕಿಬಿದ್ದಾಗ ಸತ್ತವರು ಸುಮಾರು 4,000 ಎಂದು ಆಗ ಲೆಕ್ಕ ಹಾಕಿದರು. ನಂತರದ ಅಧ್ಯಯನಗಳು 12,000 ಎಂದವು. ನಾಲ್ಕು ವರ್ಷದ ನಂತರ, 1956ರಲ್ಲಿ, ಶುದ್ಧ ಗಾಳಿಯ ಕಾಯಿದೆ ಬಂತು. ದೆಹಲಿಯ ನವೆಂಬರನ್ನು ಬರೆಯುವಾಗ ಕನ್ನಡ ಪತ್ರಿಕೆಗಳು ‘ಹೊಗೆಮಂಜು’ ಎನ್ನುತ್ತವೆ, ಒಮ್ಮೊಮ್ಮೆ ‘ಹೊಂಜು’ ಎಂದೂ ಚುಟುಕಾಗಿಸುತ್ತವೆ. ಒಳ್ಳೆಯ ಪದ.

ನಮ್ಮ ಕರಾವಳಿಯ ಮಾರ್ಚಿನ ಒಣ ಮಸುಕಿಗೆ ಮಾತ್ರ ಇಂಥ ಹೆಸರಿಲ್ಲ. ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಒಂದು ದೊಡ್ಡ ಉತ್ತರ ಅರಬಿ ಸಮುದ್ರದ ಮೇಲೆಯೇ ಸಿಕ್ಕಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಮತ್ತು 1995ರ ರಸಾಯನವಿಜ್ಞಾನ ನೊಬೆಲ್ ಪಡೆದ ಪಾಲ್ ಕ್ರುಟ್ಜನ್ ಮುಂದಾಳುಗಳಾಗಿ ‘ಇಂಡೋಎಕ್ಸ್’ ಎಂಬ ಹಿಂದೂ ಮಹಾಸಾಗರದ ಪ್ರಯೋಗವನ್ನು ನಡೆಸಿದರು. 1999ರ ಜನವರಿಯಿಂದ ಮಾರ್ಚ್‌ವರೆಗೆ ಹಡಗು, ವಿಮಾನ, ಉಪಗ್ರಹ, ಮಾಲ್ದೀವ್ಸ್‌ನ ಒಂದು ದ್ವೀಪದ ನಿಲ್ದಾಣ ಎಲ್ಲವನ್ನೂ ಬಳಸಿ ಗಾಳಿಯನ್ನು ಅಳೆದರು. ಚಳಿಗಾಲದಲ್ಲಿ ಉಪಖಂಡದಿಂದ ಸಮುದ್ರದ ಕಡೆಗೆ ಬೀಸುವ ಗಾಳಿಯ ಜೊತೆ ಕಂದು ಬಣ್ಣದ ಮಬ್ಬಿನ ಪದರವೊಂದು ಸಾವಿರಾರು ಕಿಲೋಮೀಟರ್ ಹರಡಿತ್ತು. ಎತ್ತರ ಸುಮಾರು 3 ಕಿಲೋಮೀಟರ್, ಅಂದರೆ ಕುದುರೆಮುಖದ ನೆತ್ತಿಗಿಂತಲೂ ಮೇಲೆ. ಸಮುದ್ರದ ಮೇಲ್ಮೈಗೆ ಬೀಳುವ ಬಿಸಿಲಿನಲ್ಲಿ ಶೇ 10ರಷ್ಟನ್ನು ಅದು ತಡೆಯುತ್ತಿತ್ತು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಈ ಕುರಿತ ವರದಿ ಹೊರತಂದಾಗ ಅದಕ್ಕೆ ‘ಏಷ್ಯಾದ ಕಂದು ಮೋಡ’ ಎಂಬ ಹೆಸರು ಬಿತ್ತು. ಆ ಹೆಸರಿಗೆ ಭಾರತದಿಂದ ಆಕ್ಷೇಪ ಬಂತು, ಆಮೇಲೆ ‘ವಾತಾವರಣದ ಕಂದು ಮೋಡ’ ಎಂದು ಬದಲಾಯಿಸಿದರು.

ಆ ಕಂದಿನಲ್ಲಿ ಏನಿತ್ತು? 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಪಶ್ಚಿಮ ಘಟ್ಟದ ಮೇಲೆಯೇ, ಪುಣೆಯ ಬಳಿಯ ಸಿಂಹಗಡದಲ್ಲಿ ಹಾಗೂ ಮಾಲ್ದೀವ್ಸ್‌ನಲ್ಲಿ ಹಿಡಿದ ಮಸಿಯ ವಯಸ್ಸನ್ನು ಕಾರ್ಬನ್-14ರಿಂದ ಅಳೆಯಿತು. ಪೆಟ್ರೋಲು, ಕಲ್ಲಿದ್ದಲಿನ ಮಸಿಯಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ, ಅವು ಕೋಟ್ಯಂತರ ವರ್ಷ ಹಳೆಯವು. ಸೌದೆ, ಎಲೆ, ಸೆಗಣಿಯ ಮಸಿಯಲ್ಲಿ ಇರುತ್ತದೆ. ಲೆಕ್ಕ ಮಾಡಿದಾಗ ಮಸಿಯ ಮೂರರಲ್ಲಿ ಎರಡು ಪಾಲು ಈ ಎರಡನೆಯ ಬಗೆಯದು ಎಂದು ಗೊತ್ತಾಯಿತು.

ಈ ಲೆಕ್ಕವನ್ನು ಕರಾವಳಿಯ ಹಿತ್ತಲಿಗೆ ತಂದರೆ ಕಣ್ಣೆದುರು ಬರುವುದು ಸುಡುಮಣ್ಣಿನ ಗುಡ್ಡೆ. ತರಗೆಲೆ, ಕಡ್ಡಿಕಸ, ಮೇಲುಮಣ್ಣನ್ನು ಪದರ ಪದರವಾಗಿ ಒಟ್ಟಿ, ಉರಿ ಏಳದಂತೆ ನಿಧಾನ ಬೇಯಿಸಿ ಮಾಡುವ ಗೊಬ್ಬರವದು. ತರಕಾರಿ ಸಾಲಿಗೆ ಅದನ್ನು ಬಿಟ್ಟರಿಲ್ಲ ಎನ್ನುವ ರೈತರು ಈಗಲೂ ಇದ್ದಾರೆ, ಬೂದಿಯ ಪೊಟ್ಯಾಶ್‌ನಿಂದ ಅವರ ಮಾತಿಗೆ ಆಧಾರವೂ ಇದೆ. ಆದರೆ ಉರಿಯದೆ ಬೇಯುವುದೆಂದರೆ ಹೊಗೆಯೇ ಹೆಚ್ಚು. ಇದರೊಡನೆ ಗುಡ್ಡದ ಒಣಹುಲ್ಲಿಗೆ ಬೀಳುವ ಬೆಂಕಿ, ಪೇಟೆಯ ಬದಿಯ ಕಸದ ರಾಶಿ, ಮುರಕಲ್ಲು ಕೋರೆಗಳ ಕೆಂಪು ದೂಳು, ಬಿ.ಸಿ. ರೋಡಿನಿಂದ ಹೊರಡುವ ಹೆದ್ದಾರಿಯ ಲಾರಿಗಳ ಡೀಸೆಲ್ ಹೊಗೆ ಸೇರುತ್ತವೆ. ದೂರದ ಊರುಗಳಿಂದ ಮೂಡಣ ಗಾಳಿ ಹೊತ್ತು ತಂದದ್ದೂ ಅದಕ್ಕೆ ಕೂಡುತ್ತದೆ. ಒಬ್ಬರ ಮನೆಯ ಸುಡುಮಣ್ಣಿನಿಂದ ಘಟ್ಟ ಮರೆಯಾಯಿತು ಎಂದರೆ ಅನ್ಯಾಯವಾದೀತು. ಸುಡುಮಣ್ಣಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದರೆ ಸುಳ್ಳಾದೀತು.

ಕಾಡು ತಾನೇ ಸೂಸುವ ಮಬ್ಬೂ ಒಂದಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಗಿಡಮರಗಳ ಎಲೆಗಳಿಂದ ಹೊಮ್ಮುವ ಸುಗಂಧದ ಆವಿಗಳು ಬಿಸಿಲಿನಲ್ಲಿ ಮಾರ್ಪಟ್ಟು ಅತಿ ಸೂಕ್ಷ್ಮ ಕಣಗಳಾಗುತ್ತವೆ, ದೂರದ ಬೆಟ್ಟಗಳ ಮೇಲಿನ ನೀಲಿ ಮಸುಕಿಗೆ ಅವು ಕಾರಣ ಎಂದು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲಿ ಬರೆದರು. ಹಾಗಾಗಿ ಘಟ್ಟದ ಮೇಲೆ ಕಾಣುವ ಮುಸುಕೆಲ್ಲವನ್ನೂ ಹೊಗೆಯೆಂದು ದೂರಲಾಗದು. ಬಣ್ಣದಿಂದ ಸ್ವಲ್ಪ ಗುರುತು ಸಿಗುತ್ತದೆ. ಮಂಜಿನ ಹನಿ ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ಸಮ ಚದುರಿಸುವುದರಿಂದ ಬಿಳಿ. ಅದಕ್ಕಿಂತ ಎಷ್ಟೋ ಪಟ್ಟು ಸಣ್ಣದಾದ ಕಣಗಳು ನೀಲಿಯನ್ನು ಹೆಚ್ಚು ಚದುರಿಸುವುದರಿಂದ ಕಪ್ಪು ಬೆಟ್ಟದೆದುರು ನೀಲಿಯಾಗಿ, ಬೆಳಗಿದ ಆಕಾಶದೆದುರು ಹಳದಿಯಾಗಿ ಕಾಣುತ್ತವೆ. ಮಸಿ ಬೆರೆತರೆ ಕಂದು.

ಆಗ್ನೇಯ ಏಷ್ಯಾದಲ್ಲಿ ‘ಹೇಜ್’ ಎಂಬ ಪದ ಕಾನೂನಿನ ಪುಟಕ್ಕೂ ಏರಿದೆ. ಇಂಡೋನೇಷ್ಯಾದ ಸುಮಾತ್ರ, ಕಾಲಿಮಂತನ್‌ಗಳ ಕಾಡು, ಜೌಗುನೆಲಗಳಿಗೆ ಬೆಂಕಿ ಬಿದ್ದಾಗ ಹೊಗೆ ಸಿಂಗಾಪುರ, ಮಲೇಷ್ಯಾಗಳನ್ನು ಮುತ್ತುತ್ತದೆ. ಮಲಯ ಭಾಷೆಯಲ್ಲಿ ಅದು ‘ಜೆರೆಬು’. 2002ರಲ್ಲಿ ಆಸಿಯಾನ್ ದೇಶಗಳು ಗಡಿ ದಾಟುವ ಹೇಜ್‌ನ ಕುರಿತು ಒಪ್ಪಂದ ಮಾಡಿಕೊಂಡವು. 2013ರ ಜೂನ್ 21ರಂದು ಸಿಂಗಾಪುರದ ವಾಯುಮಾಲಿನ್ಯ ಸೂಚ್ಯಂಕ 401ಕ್ಕೆ ಮುಟ್ಟಿತು. ಅಲ್ಲಿ 300 ದಾಟಿದರೇ ಅಪಾಯದ ಮಟ್ಟ. ಮರುವರ್ಷ ಆ ಪುಟ್ಟ ದೇಶ ಹೇಜ್ ಎಂಬ ಹೆಸರಿನಲ್ಲೇ ಕಾಯಿದೆ ಮಾಡಿ, ಹೊರದೇಶದಲ್ಲಿ ಬೆಂಕಿ ಹಚ್ಚಿದ ಕಂಪನಿಗಳನ್ನೂ ಹೊಣೆಯಾಗಿಸಿತು. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳ ಮಕ್ಕಳಿಗೂ ‘ಹೇಜ್’ ಎಂದರೆ ಮಾಸ್ಕು, ಕಿಟಕಿ ಮುಚ್ಚಿದ ತರಗತಿ. ಸುಮಾರು ನಾಲ್ಕು ಶತಮಾನ ಮೊದಲು ನಾವಿಕರ ಬಾಯಲ್ಲಿ ಮಂಜಾಗಿದ್ದ ಪದ ಅಲ್ಲಿ ಪೂರ್ತಿ ಹೊಗೆಯಾಯಿತು.

ಹೆಸರು ತಪ್ಪಿದರೆ ಕಾರಣವೂ ತಪ್ಪುತ್ತದೆ ಎಂಬುದಕ್ಕೆ ನಮ್ಮ ಊರಿನ ಗೇರು ತೋಪುಗಳೇ ಸಾಕ್ಷಿ. ಡಿಸೆಂಬರ್-ಜನವರಿಯಲ್ಲಿ ಗೇರು ಹೂ ಬಿಡುವಾಗ ಚಿಗುರು, ಹೂಗೊಂಚಲು ಕಪ್ಪಾಗಿ ಕರಟಿದರೆ ‘ಮಂಜು ಬಿದ್ದು ಹಾಳಾಯಿತು’ ಎನ್ನುವುದು ವಾಡಿಕೆ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಬೆಳೆಗೆ ಬರುವ ಈ ಕರಟು ಬಹುಪಾಲು ಒಂದು ಕೀಟದ ಕೆಲಸ ಎಂಬುದು ತಜ್ಞರಿಗೆ ಎಂದೋ ಗೊತ್ತು: ಚಹಾ ಸೊಳ್ಳೆ ಎಂದು ಕರೆಯುವ ರಸ ಹೀರುವ ತಿಗಣೆ. ಅದು ಹೆಚ್ಚುವುದೂ ಮೋಡ-ಮಂಜಿನ ಅದೇ ದಿನಗಳಲ್ಲಿ, ಎಳೆ ಚಿಗುರು ಸಿಗುವ ಅದೇ ಹೊತ್ತಿನಲ್ಲಿ. ಮಂಜು ಎಂದು ಕೈಚೆಲ್ಲಿದವರು ಮರ ನೋಡಲು ಹೋಗುವುದಿಲ್ಲ; ಕೀಟ ಎಂದು ತಿಳಿದವರು ಹೋಗುತ್ತಾರೆ. ಅಡಿಕೆಯ ವಿಷಯದಲ್ಲಿ ಇಲ್ಲಿನವರು ಹೀಗೆ ಮೋಸ ಹೋಗುವುದಿಲ್ಲ. ಚಾಲಿ ಅಡಿಕೆ ಒಣಗಲು ನಲವತ್ತು-ನಲವತ್ತೈದು ದಿನದ ಒಳ್ಳೆಯ ಬಿಸಿಲು ಬೇಕು. ರಾತ್ರಿಯ ಮೈಂದು ಮತ್ತೆ ಪಸೆ ಕೊಡುತ್ತದೆ, ಬೂಸರು ಹಿಡಿಸುತ್ತದೆ ಎಂದು ತಿಳಿದೇ ಸಂಜೆ ಮುಚ್ಚುತ್ತಾರೆ, ಅನುಕೂಲವಿದ್ದವರು ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು ಕಟ್ಟಿದ್ದಾರೆ. ಹೊಕ್ಕಾಡಿಗೋಳಿಯ ಕಂಬಳದಲ್ಲಿ ರಾತ್ರಿಯಿಡೀ ನಿಂತವರು ತಲೆಗೆ ಟವೆಲ್ ಸುತ್ತಿಕೊಳ್ಳುವುದೂ ಈ ಮೈಂದನ್ನು ಬಲ್ಲುದರಿಂದಲೇ.

ಮಾರ್ಚಿನದಕ್ಕೆ ಹೊಸ ಪದ ಟಂಕಿಸಬೇಕಾಗಿಲ್ಲ. ‘ಮಬ್ಬು’ ಇದೆ. ಮಬ್ಬುಗತ್ತಲೆ, ಮಬ್ಬುಬೆಳಕು, ಮಬ್ಬು ಕವಿದ ಮನಸ್ಸು ಎಲ್ಲದರಲ್ಲೂ ಬರುವ ಈ ಪದಕ್ಕೆ ನೀರಿನ ಹಂಗಿಲ್ಲ. ನೋಟ ಮಸುಕಾಗಿದೆ ಎಂದಷ್ಟೇ ಅದು ಹೇಳುತ್ತದೆ, ಮಸುಕು ಯಾತರದು ಎಂಬ ಪ್ರಶ್ನೆಗೆ ಜಾಗ ಬಿಡುತ್ತದೆ. ಪತ್ರಿಕೆಯ ಚಿತ್ರಶೀರ್ಷಿಕೆ ಬರೆಯುವವರು, ಶಾಲೆಯಲ್ಲಿ ಪರಿಸರ ಪಾಠ ಹೇಳುವ ಮೇಷ್ಟ್ರುಗಳು ಇದನ್ನು ಬಳಕೆಗೆ ತಂದರೆ ಸಾಕು. ಗುರುತು ಹಿಡಿಯುವುದೂ ಕಷ್ಟವಲ್ಲ. ಹೊತ್ತು ಏರಿದಂತೆ ಕರಗಿತೆ, ನಿಂತಿತೆ? ಹುಲ್ಲು ಒದ್ದೆಯಾಗಿದೆಯೆ? ಬಿಳಿಯೋ ಕಂದೋ? ಮೂಗಿಗೆ ವಾಸನೆಯಿದೆಯೆ? ಏಪ್ರಿಲ್-ಮೇ ತಿಂಗಳ ಮೊದಲ ಗುಡುಗುಮಳೆ ಸುರಿದು ಹೋದ ಮರುದಿನ ಘಟ್ಟದ ಸಾಲು ಇದ್ದಕ್ಕಿದ್ದಂತೆ ಹತ್ತಿರ ಬಂದಂತೆ ಕಾಣುತ್ತದಲ್ಲ, ಅಷ್ಟು ದಿನ ನಡುವೆ ಇದ್ದುದು ಕಣಗಳೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಡ. ಮಳೆ ಅವನ್ನು ನೆಲಕ್ಕೆ ಇಳಿಸಿರುತ್ತದೆ.

ಮಬ್ಬಿನಲ್ಲಿ ಊರಿನವರ ಕೈಯಲ್ಲಿರುವ ಪಾಲು ಸಣ್ಣದಾದರೂ ಅದನ್ನು ಕಡಿಮೆ ಮಾಡುವ ದಾರಿ ಹೊಸದಲ್ಲ. ದನಕರು ತುಂಬಿದ ಕಾಲದಲ್ಲಿ ಗುಡ್ಡದ ತರಗೆಲೆಯನ್ನು ಗುಡಿಸಿ, ಬುಟ್ಟಿಯಲ್ಲಿ ಹೊತ್ತು ತಂದು ಹಟ್ಟಿಗೆ ಹಾಸುತ್ತಿದ್ದರು. ಅದು ಸೆಗಣಿ-ಗಂಜಲದೊಡನೆ ಕಳಿತು ಗದ್ದೆಗೆ ಗೊಬ್ಬರವಾಗಿ ಹೋಗುತ್ತಿತ್ತು. ಈಗ ಅನೇಕ ಮನೆಗಳಲ್ಲಿ ಹಟ್ಟಿ ಬರಿದಾಗಿದೆ, ಎಲೆಗೆ ಬೇಡಿಕೆಯಿಲ್ಲ, ಅಂಗಳದ ಮೂಲೆಯಲ್ಲಿ ಗುಡ್ಡೆ ಮಾಡಿ ಕಡ್ಡಿ ಗೀರುತ್ತಾರೆ. ಅದೇ ಎಲೆಯನ್ನು ಅಡಿಕೆ, ತೆಂಗಿನ ಬುಡಕ್ಕೆ ದಪ್ಪಗೆ ಹಾಸಿದರೆ ಬೇಸಿಗೆಯಲ್ಲಿ ಮಣ್ಣಿನ ಪಸೆ ಉಳಿಯುತ್ತದೆ, ಪಂಪು ಓಡಿಸುವ ಹೊತ್ತು ಕಡಿಮೆಯಾಗುತ್ತದೆ, ಮಳೆಗಾಲ ಬರುವಷ್ಟರಲ್ಲಿ ಅದು ಗೊಬ್ಬರವಾಗಿರುತ್ತದೆ. ಸುಡುಮಣ್ಣು ಬೇಕೇ ಬೇಕೆನ್ನುವವರು ತರಕಾರಿ ಸಾಲಿಗೆ ಸಾಕಾಗುವಷ್ಟನ್ನು ಮಾಡಿಕೊಳ್ಳಬಹುದು. ಅದರೊಳಗೆ ಪ್ಲಾಸ್ಟಿಕ್ ಚೀಲ, ಹಾಲಿನ ತೊಟ್ಟೆ ಸೇರದಂತೆ ಮೊದಲೇ ಹೆಕ್ಕಿ ತೆಗೆಯಬೇಕು.